ಏಳು ಸ್ವರಗಳ ಕೆಳಗೆ ಕೆಂಪು ಗೆರೆ

"ಪಂಚಾಯತ್ತಿಲ್ ನಿನ್ನಾಣೋ ಮೇಡಂ?"

ಗಿಟಾರಿನವನು ನನ್ನ ಮೇಜಿನ ಎದುರು ನಿಂತು ಮಲಯಾಳದಲ್ಲಿ ಕೇಳಿದ ಮೊದಲ ಮಾತು ಇದು. ಪಂಚಾಯತಿನಿಂದ ಬಂದವರಾ ಎಂದು. ಪ್ರೇಮ ಹೀಗೂ ಶುರುವಾಗುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಅಲ್ಲ" ಎಂದೆ, ಕನ್ನಡದಲ್ಲಿ. ಗಾಬರಿಯಾದಾಗ ನನಗೆ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ.

ಅವನ ಮುಖ ಸಡಿಲವಾಯಿತು. "ಓ, ಕನ್ನಡದವರಾ? ಹಾಗಾದ್ರೆ ಸೀದಾ ಹೇಳಿ. ಆಚೆ ಮನೆಯವರು ಸೌಂಡ್ ಜಾಸ್ತಿ ಅಂತ ಕಂಪ್ಲೇಂಟ್ ಕೊಟ್ಟಿದ್ದಾರೆ. ನೀವು ಐದು ಭಾನುವಾರದಿಂದ ಇದೇ ಕಂಬದ ಬುಡದಲ್ಲಿ ಕೂತು, ನನ್ನನ್ನು ನೋಡಿ ನೋಡಿ ಬರೀತಾ ಇದ್ದೀರಿ. ಊಟ ಸಹ ಸರಿ ಮಾಡುದಿಲ್ಲ. ಮತ್ತೆ ನಾನು ಎಂತ ತಿಳಿಯುದು?"

ನಾನು ನೋಟ್‌ಬುಕ್ ಮುಚ್ಚಿ ಅದರ ಮೇಲೆ ಮೊಣಕೈ ಇಟ್ಟೆ. ಮೂವತ್ತೆಂಟು ವರ್ಷದ ಟೀಚರು, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಎಂಟನೆಯ ಕ್ಲಾಸಿನವಳ ಹಾಗೆ ಕೂತಿದ್ದೆ.

"ಸ್ವರ ಬರೀತಾ ಇದ್ದೆ."

"ಯಾರ ಸ್ವರ?"

"ನಿಮ್ಮದು."

ಅವನು ಕುರ್ಚಿ ಎಳೆದು ಕೂತೇಬಿಟ್ಟ. ಕಿವಿಯ ಹತ್ತಿರ ನರೆತ ಕೂದಲು, ಕುತ್ತಿಗೆಯಲ್ಲಿ ಗಿಟಾರಿನ ಪಟ್ಟಿ ಉಜ್ಜಿ ಉಜ್ಜಿ ಆದ ಕಪ್ಪು ಗುರುತು. ನಗುವ ಮೊದಲು ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಇಷ್ಟನ್ನೆಲ್ಲ ಒಂದೇ ನೋಟದಲ್ಲಿ ನೋಡಿದೆನೆಂದು ಯಾರೂ ನಂಬಬೇಕಾಗಿಲ್ಲ. ಐದು ಭಾನುವಾರಗಳಿಂದ ನೋಡುತ್ತಲೇ ಇದ್ದೆ.

ನನ್ನ ಹೆಸರು ಮೂಕಾಂಬಿಕಾ. ಗಡಿನಾಡಿನಲ್ಲಿ, ಕಾರಡ್ಕದ ಕಡೆಯ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ, ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಮದುವೆಯಾಗಿಲ್ಲ. ಬೇಡವೆಂದು ಶಪಥ ಮಾಡಿದ್ದೇನೂ ಅಲ್ಲ. ಬಂದವರು ನನಗೆ ಹಿಡಿಸಲಿಲ್ಲ, ಹಿಡಿಸಬಹುದಾಗಿದ್ದವರು ಬರಲಿಲ್ಲ.

ವಾರದ ಐದು ದಿನ ಒಂಟಿತನದ ನೆನಪಾಗುವುದಿಲ್ಲ. ಶನಿವಾರ ಬಟ್ಟೆ ಒಗೆಯುವುದರಲ್ಲಿ ಹೋಗುತ್ತದೆ. ಭಾನುವಾರದ ಮಧ್ಯಾಹ್ನವೇ ಕಷ್ಟ. ಒಬ್ಬಳಿಗೆ ಅನ್ನ ಬೇಯಿಸಿ, ಒಬ್ಬಳೇ ಉಂಡು, ಒಂದು ತಟ್ಟೆ ತೊಳೆದಿಟ್ಟರೆ ಗಂಟೆ ಇನ್ನೂ ಹನ್ನೆರಡೂವರೆ. ನಮ್ಮೂರು ಬಾಯಾರಿನಿಂದ ಅಣ್ಣ ಈಶ್ವರಪ್ರಸಾದ ಫೋನ್ ಮಾಡಿ "ಊಟ ಆಯ್ತಾ?" ಎನ್ನುತ್ತಾನೆ. "ಆಯ್ತು" ಎನ್ನುತ್ತೇನೆ. ಆಮೇಲೆ ಸೋಮವಾರದವರೆಗೆ ನನ್ನ ಗಂಟಲಿಗೆ ಕೆಲಸವಿಲ್ಲ.

ಆ ಹೋಟೆಲಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವಳು ಲೋಲಾಕ್ಷಿ, ನಮ್ಮ ಶಾಲೆಯ ಗಣಿತದ ಟೀಚರು. ಬೇಕಲದ ಹತ್ತಿರ, ಸಮುದ್ರಕ್ಕೆ ಮುಖ ಮಾಡಿದ ಹೋಟೆಲು. ಯಾರದೋ ಬೀಳ್ಕೊಡುಗೆಯ ಊಟ. ಎಲ್ಲರೂ ಮೀನಿನ ತಟ್ಟೆಗಳ ಮೇಲೆ ಬಗ್ಗಿದ್ದಾಗ, ನಾನು ಹಣ್ಣಿನ ಬಟ್ಟಲು ಹಿಡಿದು ಮೂಲೆಯಲ್ಲಿ ಒಬ್ಬನೇ ಗಿಟಾರ್ ನುಡಿಸುತ್ತಿದ್ದವನಿಗೆ ಕಿವಿಗೊಟ್ಟೆ.

ಅವನ ಕಾಲ ಬಳಿ ಒಂದು ಪುಟ್ಟ ಪೆಡಲ್ ಇತ್ತು. ಮೊದಲು ಹಾಡಿನ ಕಾರ್ಡುಗಳನ್ನು, ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲುಗಳನ್ನು, ಒಂದು ಸುತ್ತು ನುಡಿಸಿ ಪೆಡಲ್ ಒತ್ತುತ್ತಿದ್ದ. ಪೆಡಲ್ ಅದನ್ನು ಹಿಡಿದಿಟ್ಟುಕೊಂಡು, ಆ ಸುತ್ತು ತಾನಾಗಿ ಮತ್ತೆ ಮತ್ತೆ ತಿರುಗುತ್ತಿತ್ತು, ಅವನು ಅದರ ಮೇಲೆ ಹೊಸದನ್ನು ಹೇಳುತ್ತಿದ್ದ. ತಾನೇ ಕೇಳಿ, ತಾನೇ ಉತ್ತರಿಸಿ. ನಾನು ಅಡುಗೆಮನೆಯಲ್ಲಿ ಮಾಡುವುದೂ ಅದನ್ನೇ ಎಂದು ಅನಿಸಿತು.

ಮುಂದಿನ ಭಾನುವಾರ ಒಬ್ಬಳೇ ಬಂದೆ. ಆಮೇಲೂ ಬಂದೆ.

ಪಂಚಾಯತಿನವಳಲ್ಲ ಎಂದು ಖಾತ್ರಿಯಾದ ಮೇಲೆ ಅವನು, ಹೆಸರು ಯತಿನ್, ಪ್ರತಿ ವಾರ ಮೂರು ಗಂಟೆಗೆ ಗಿಟಾರನ್ನು ಚೀಲಕ್ಕೆ ಹಾಕಿ, ಹೋಟೆಲಿನ ಹಿಂದಿನ ಮೆಟ್ಟಿಲಿಗೆ ಬರುತ್ತಿದ್ದ. ಇಬ್ಬರಿಗೂ ಚಹಾ ತರುತ್ತಿದ್ದ. ಮನೆಮಾತು ತುಳು, ಶಾಲೆ ಕನ್ನಡ, ಮಿಕ್ಕದ್ದೆಲ್ಲ ಹಡಗಿನಲ್ಲಿ ಕಲಿತದ್ದು. ಹದಿನಾಲ್ಕು ವರ್ಷ ಕ್ರೂಸ್ ಹಡಗುಗಳ ಬ್ಯಾಂಡಿನಲ್ಲಿ ಜಾಸ್ ನುಡಿಸಿದವನು.

"ಮದುವೆ ಒಮ್ಮೆ ಆಗಿತ್ತು" ಎಂದು ಎರಡನೆಯ ವಾರವೇ ಹೇಳಿದ. "ಎಂಟು ತಿಂಗಳಿಗೊಮ್ಮೆ ಬರುವ ಗಂಡ ಸಾಕಾಯ್ತು ಅಂತ ಅವಳು ಬಿಟ್ಟು ಹೋದ್ಲು. ತಪ್ಪೇನಿಲ್ಲ ಅವಳದ್ದು."

ನಾನು ಮಾತು ತಿರುಗಿಸಿದೆ. ನನಗೆ ನಿಜವಾಗಿ ಬೇಕಾಗಿದ್ದನ್ನು ಕೇಳಿದೆ. "ನೀವು ಬಾರಿಸುದು ಎಲ್ಲಿಂದ ಬರುದು? ಮೊದಲೇ ಕೂತು ಮಾಡಿ ಇಡ್ತೀರಾ?"

"ಆಕಾಶದಿಂದ ಅಂತ ಹೇಳಿದ್ರೆ ನೀವು ಇನ್ನೊಂದು ವಾರ ಬರ್ತೀರಿ." ಒಂದು ಹುಬ್ಬು ಮೇಲೇರಿತು. "ಆಕಾಶದಿಂದ ಅಲ್ಲ ಟೀಚರೆ."

ಗಿಟಾರ್ ಹೊರತೆಗೆದ. "ಇದೊಂದು ಕಾರ್ಡ್. ನಾಲ್ಕು ಸ್ವರ ಒಟ್ಟಿಗೆ. ಇದು ಒಂದು ಮನೆ ಅಂತ ಇಟ್ಟುಕೊಳ್ಳಿ. ಈ ನಾಲ್ಕರಲ್ಲಿ ಎರಡು ಸ್ವರ ಕೇಳಿದ್ರೆ ಸಾಕು, ಯಾವ ಮನೆ ಅಂತ ಗೊತ್ತಾಗ್ತದೆ. ನಾನು ಆ ಸ್ವರದಿಂದ ಮುಂದಿನ ಮನೆಯ ಹತ್ತಿರದ ಸ್ವರಕ್ಕೆ ಕಾಲಿಡುದು. ಹೆಚ್ಚಾಗಿ ಅರ್ಧ ಹೆಜ್ಜೆ ಸಾಕಾಗ್ತದೆ. ದಾರಿಯಲ್ಲಿ ಬಾಯಿಗೆ ಬಂದದ್ದು ಮಾತಾಡುದು. ಸೋಲೋ ಅಂದ್ರೆ ಅದೇ."

"ಬಾಯಿಗೆ ಬಂದದ್ದಾ?"

"ಬಾಯಿಗೇ. ಮೊದಲು ಒಳಗೊಳಗೆ ಹಾಡುದು, ಕೈ ಅದರ ಹಿಂದೆ ಬರುದು. ಸಣ್ಣದೊಂದು ಹೇಳಿ ಸುಮ್ಮನೆ ನಿಲ್ಲುದು. ಅದಕ್ಕೆ ಉತ್ತರ ಎಂತ ಅಂತ ನೋಡುದು. ಕೈ ಮೊದಲು ಹೋದ್ರೆ ಅದು ಸೋಲೋ ಅಲ್ಲ, ಟೈಪಿಂಗ್."

"ತಪ್ಪು ಸ್ವರ ಬಂದ್ರೆ?"

"ಅದನ್ನೇ ಇನ್ನೊಮ್ಮೆ ಬಾರಿಸುದು. ಆಗ ಬೇಕು ಅಂತಲೇ ಬಾರಿಸಿದ್ದು ಅಂತ ಆಗ್ತದೆ."

ನಾನು ನಕ್ಕೆ. ನಗು ಮುಗಿಯುವ ಮೊದಲೇ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಡನೀರಿನ ವೇದಿಕೆಯಲ್ಲಿ ನಾನು ಪಿಟೀಲು ಹಿಡಿದು ಕೂತಿದ್ದೆ. ಕಲ್ಪನಾಸ್ವರಗಳೆಂದರೆ ಆ ಕ್ಷಣಕ್ಕೆ ಹುಟ್ಟಬೇಕಾದವು. ನನ್ನವನ್ನು ಗುರುಗಳು ಬರೆದುಕೊಟ್ಟಿದ್ದರು, ನಾನು ಬಾಯಿಪಾಠ ಮಾಡಿದ್ದೆ. ಮೂರನೆಯ ಆವರ್ತನದಲ್ಲಿ ಮರೆತುಹೋಯಿತು. ಮೃದಂಗದವರು ಎರಡು ಸುತ್ತು ಕಾದರು. ನಾನು ಕಮಾನು ಮಡಿಲಲ್ಲಿಟ್ಟುಕೊಂಡು ಕೂತೆ. ಅಂದಿನಿಂದ ಇಂದಿನವರೆಗೆ ಬರೆದಿಡದ ಒಂದು ಸ್ವರವನ್ನೂ ನುಡಿಸಿಲ್ಲ. ಬರೆದಿಡದ ಮಾತುಗಳ ಕಥೆಯೂ ಹೆಚ್ಚುಕಡಿಮೆ ಹಾಗೆಯೇ.

ಇದನ್ನು ಅವನಿಗೆ ಹೇಳಿದೆ. ಅವನು ನಗಲಿಲ್ಲ, ಪಾಪ ಎನ್ನಲೂ ಇಲ್ಲ. "ಎರಡು ಸುತ್ತು ಕಾದರಲ್ಲ, ಒಳ್ಳೆಯವರು" ಎಂದ. ಆ ಕಥೆಯಲ್ಲಿ ಮೃದಂಗದವರೂ ಒಬ್ಬರಿದ್ದರೆಂದು ಈ ಹತ್ತೊಂಬತ್ತು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ.

ಎದುರಿಗೆ ನೀವು ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅವನು ಅಷ್ಟರಲ್ಲಾಗಲೇ ಅವನಾಗಿದ್ದ.

ಏಳನೆಯ ಭಾನುವಾರ ಮನೆಗೆ ಬಂದು ಪುಟ ತಿರುವುತ್ತಿದ್ದಾಗ ಕಂಡಿತು. ಪ ನಿ ಸ ಗ ರಿ ಸ ನಿ. ಏಳು ಸ್ವರಗಳ ಒಂದು ತುಣುಕು. ಅದರ ಗಾಂಧಾರ ವಿಚಿತ್ರದ್ದು, ನಮ್ಮ ಎರಡು ಗಾಂಧಾರಗಳ ನಡುವೆ ಎಲ್ಲೋ ತೂಗುತ್ತಿತ್ತು. ಹಿಂದಿನ ವಾರ ಹುಡುಕಿದೆ, ಇತ್ತು. ಅದರ ಹಿಂದಿನ ವಾರವೂ ಇತ್ತು. ಬೇರೆ ಬೇರೆ ಹಾಡು, ಬೇರೆ ಬೇರೆ ಶ್ರುತಿ, ಆದರೆ ಆ ಏಳು ಸ್ವರಗಳು ಬಿಡದೆ ಬಂದಿದ್ದವು.

ಎಂಟನೆಯ ಭಾನುವಾರ ಕಾದು ಕೂತೆ. ಬಂತು. ಬಂದ ಕೂಡಲೇ ಅವನು ತಲೆ ಎತ್ತಿ ನನ್ನ ಕಂಬದ ಕಡೆ ನೋಡಿದ. ಒಂಬತ್ತನೆಯ ಭಾನುವಾರವೂ ಹಾಗೆಯೇ. ಹತ್ತನೆಯ ಭಾನುವಾರ ನಾನು ಹೊಸ ಸೀರೆ ಉಟ್ಟುಕೊಂಡು ಹೋದೆ.

ಆಮೇಲಿನ ದಿನಗಳ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಆ ಏಳು ಸ್ವರಗಳನ್ನು ಗುನುಗುತ್ತ ತಟ್ಟೆ ತೊಳೆದೆ, ಬಸ್ಸಿಗೆ ಕಾದೆ, ಹಾಜರಿ ಕರೆದೆ. ಮಹಡಿಯ ಕೋಣೆ ಮೊದಲಿನಷ್ಟೇ ಖಾಲಿಯಿತ್ತು, ಆದರೆ ಅಲ್ಲಿ ನನ್ನನ್ನು ಯಾರೋ ಕರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಲೋಲಾಕ್ಷಿ ಕಿವಿಗೊಟ್ಟು ಕೇಳಿದಳು.

"ಎಂತದು ಹೊಸ ರಾಗ? ಮಕ್ಕಳಿಗೆ ಕಲಿಸುದಾ, ನಿನಗೆ ನೀನೇ ಕಲಿಸುದಾ?"

"ಸುಮ್ಮನಿರು."

"ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ ಮಾರಾಯ್ತಿ. ಹೋಗಿ ಕೇಳಿಬಿಡು. ಇನ್ನು ಯಾವ ಕಾಲಕ್ಕೆ?"

ಕೇಳುವುದು ಹೇಗೆ? ನನಗೆ ಬರೆದುಕೊಂಡದ್ದೇ ಬೇಕು.

ಹದಿನೈದನೆಯ ಭಾನುವಾರ ಮೆಟ್ಟಿಲಲ್ಲಿ ಚಹಾ ಕೊಡುತ್ತ ಅವನು ಹೇಳಿದ. "ಮಳೆಗಾಲದಲ್ಲಿ ಇಲ್ಲಿ ಮ್ಯೂಸಿಕ್ ಇಲ್ಲ ಅಂತೆ. ಹಡಗಿನವರು ಪುನಃ ಕರೆದಿದ್ದಾರೆ. ಕೊಚ್ಚಿಗೆ ಹೋಗಿ ಅಲ್ಲಿಂದ ವಿಮಾನ. ಎಂಟು ತಿಂಗಳ ಕಾಂಟ್ರಾಕ್ಟ್. ಇನ್ನು ಎರಡು ಭಾನುವಾರ ಉಂಟು."

"ಹೌದಾ" ಎಂದೆ. ಚಹಾ ಬಿಸಿಯಿತ್ತೋ ತಣ್ಣಗಿತ್ತೋ ಗೊತ್ತಾಗಲಿಲ್ಲ.

ಆ ವಾರ ಪ್ರತಿ ಸಂಜೆ ಕೂತು ಎಲ್ಲ ಭಾನುವಾರಗಳನ್ನೂ ಹೊಸ ಪುಸ್ತಕದಲ್ಲಿ ಅಂದವಾಗಿ ಬರೆದೆ. ಆ ಏಳು ಸ್ವರಗಳು ಬಂದಲ್ಲೆಲ್ಲ ಕೆಳಗೆ ಗೆರೆ ಎಳೆದೆ. ಕೈಗೆ ಸಿಕ್ಕಿದ್ದು ಕೆಂಪು ಪೆನ್ನು. ಹದಿನಾರು ವರ್ಷಗಳಿಂದ ನನ್ನ ಚೀಲದಲ್ಲಿ ಇರುವುದೇ ಅದು. ಸ್ಕೇಲ್ ಇಟ್ಟು, ನೇರವಾಗಿ, ಮೂವತ್ತೊಂದು ಗೆರೆ. ನಾನು ಹೇಳಲಾರದ್ದನ್ನು ಆ ಪುಸ್ತಕ ಹೇಳುತ್ತದೆ, ನಿನ್ನ ಕರೆ ನನಗೆ ಕೇಳಿಸಿದೆ ಎಂದು ಅವನಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ನಮ್ಮ ಸರಿಗಮದ ಬರವಣಿಗೆ ಓದುವುದನ್ನು ನಾನೇ ಅವನಿಗೆ ಕಲಿಸಿದ್ದೆ. ಹದಿನಾರನೆಯ ಭಾನುವಾರ ಅವನು ಮೆಟ್ಟಿಲಲ್ಲಿ ಕೂತು ಮೊದಲ ಪುಟವನ್ನು ಬೆರಳಿಟ್ಟು ಓದಿದ, ಎರಡನೆಯದನ್ನು ಓದಿದ. ಆಮೇಲೆ ಓದುವುದನ್ನು ಬಿಟ್ಟು ಬರೀ ಕೆಂಪು ಗೆರೆಗಳನ್ನು ಎಣಿಸುತ್ತ ಪುಟ ತಿರುವಿದ. ನಾನು ಅವನ ಹುಬ್ಬಿಗಾಗಿ ಕಾಯುತ್ತಿದ್ದೆ. ಅದು ಏರಲಿಲ್ಲ. ಅವನ ಕಿವಿ ಕೆಂಪಾಯಿತು.

"ಹಿಡಿದುಬಿಟ್ಟಿರಿ" ಎಂದ ಕೊನೆಗೆ.

ನಾನು ಸೆರಗು ಸರಿಮಾಡಿಕೊಂಡೆ. "ಏಳನೇ ವಾರವೇ ಗೊತ್ತಾಯ್ತು."

"ಹದಿನಾಲ್ಕು ವರ್ಷದಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಜೊತೆಗೆ ಬಾರಿಸುವವರಿಗೆ ಸಹ." ಅವನು ಪುಸ್ತಕ ಮುಚ್ಚಿದ. "ಅದು ನನ್ನ ಕಳ್ಳದಾರಿ ಟೀಚರೆ. ತಲೆಯಲ್ಲಿ ಎಂತದೂ ಇಲ್ಲದಾಗ ಕೈ ತಾನಾಗಿ ಅದನ್ನು ಬಾರಿಸ್ತದೆ. ಎಲ್ಲಾ ಗಿಟಾರಿನವರಿಗೂ ಅಂಥದ್ದೊಂದು ಇರ್ತದೆ. ಲಿಕ್ ಅಂತ ಹೇಳುದು. ಅದು ಬರುವಾಗ ನಾನು ಅಲ್ಲಿ ಇರುದೇ ಇಲ್ಲ. ಗಂಟೆ ಎಷ್ಟಾಯ್ತು ಅಂತ ನೋಡುದು ಸಹ ಆವಾಗಲೇ. ನಿಮ್ಮ ಕಂಬದಲ್ಲಿ ಗಡಿಯಾರ ಉಂಟಲ್ಲ."

ಗಡಿಯಾರ. ಹದಿನಾರು ವಾರ ಅದರ ಕೆಳಗೇ ಕೂತಿದ್ದೆ.

"ಮೂವತ್ತೊಂದು ಸಲ" ಎಂದು ಅವನು ತನಗೇ ಹೇಳಿಕೊಂಡ. "ಎಷ್ಟು ಸರಿಯಾಗಿ ತಪ್ಪು ಹಿಡಿದಿದ್ದೀರಿ."

ಆಗ ನನಗೆ ಕೆಂಪು ಪೆನ್ನಿನ ನೆನಪಾಯಿತು. ತಪ್ಪು ಅಂತ ಅಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಮತ್ತೆ ಯಾವುದಕ್ಕೆ ಎಂದು ಅವನು ಕೇಳುತ್ತಿದ್ದ. ನನ್ನ ಪ್ರೀತಿಯ ಅಷ್ಟೂ ಗುರುತುಗಳು ಅವನು ಇಲ್ಲದ ಜಾಗಗಳೇ ಆಗಿದ್ದವು. "ನನಗೆ ಟ್ರೈನ್ ಉಂಟು" ಎಂದು ಎದ್ದೆ. ಟ್ರೈನಿಗೆ ಇನ್ನೂ ಒಂದು ಗಂಟೆಯಿತ್ತು. ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಯಾರೋ ಹೆಂಗಸು ಮಲಯಾಳದಲ್ಲಿ ತಲೆನೋವಾ ಎಂದು ಕೇಳಿದಳು. ಹೌದೆಂದೆ.

ಆ ವಾರ ಅಡುಗೆಮನೆಯಲ್ಲಿ ಯಾರೂ ಕರೆಯಲಿಲ್ಲ. ಏಳು ಸ್ವರಗಳು ಬಾಯಿಗೆ ಬಂದಾಗಲೆಲ್ಲ ನಲ್ಲಿ ಜೋರಾಗಿ ಬಿಟ್ಟೆ. ಇಲ್ಲದ್ದನ್ನು ಕಳೆದುಕೊಂಡವರಿಗೆ ಅಳಲು ಹಕ್ಕಿದೆಯೇ ಎಂದು ಯೋಚಿಸಿದೆ. ಹಕ್ಕಿದ್ದರೂ ಇಲ್ಲದಿದ್ದರೂ ಅಳು ಬಂತು.

ಕೊನೆಯ ಭಾನುವಾರ ಹೋಗುವುದಿಲ್ಲವೆಂದು ತೀರ್ಮಾನಿಸಿ, ಹನ್ನೆರಡು ಗಂಟೆಗೆ ಕುಕ್ಕರಿಗೆ ಅಕ್ಕಿ ಹಾಕಿದೆ. ಅಣ್ಣನ ಫೋನ್ ಬಂತು. "ಊಟ ಆಯ್ತಾ?" ಆ ಪ್ರಶ್ನೆ ಕೇಳಿದ್ದೇ ಮೈಯೆಲ್ಲ ಉರಿದುಹೋಯಿತು. "ಆಗ್ಲಿಲ್ಲ, ಹೊರಗೆ ಹೋಗ್ತಾ ಇದ್ದೇನೆ" ಎಂದು ಫೋನ್ ಇಟ್ಟು, ಒಲೆ ಆರಿಸಿದೆ. ಉಟ್ಟ ಸೀರೆಯಲ್ಲೇ ಓಡಿ, ಸಿಕ್ಕಿದ ಬಸ್ಸು ಹತ್ತಿದೆ. ನೋಟ್‌ಬುಕ್ಕಿನ ಚೀಲ ಮನೆಯಲ್ಲೇ ಉಳಿಯಿತು.

ನಾನು ಒಳಗೆ ಕಾಲಿಡುವಾಗ ಎರಡೂಕಾಲು. ಕಂಬದ ಮೇಜಿನಲ್ಲಿ ಬೇರೆ ಯಾರೋ ಇದ್ದರು. ಬಾಗಿಲ ಬಳಿಯೇ ನಿಂತೆ. ಅವನು ನನ್ನನ್ನು ನೋಡಲಿಲ್ಲ, ಗಿಟಾರಿನ ಮೇಲೆ ಬಗ್ಗಿದ್ದ.

ಕಾರ್ಡುಗಳ ಸುತ್ತು ತಿರುಗುತ್ತಿತ್ತು. ಮೊದಲ ಸುತ್ತಿನ ಕೊನೆಗೆ ಅವನ ಕೈ ಆ ಜಾಗಕ್ಕೆ ಬಂತು. ನನಗದು ಕಂಡಿತು, ಬೆರಳು ಪಂಚಮದ ಮೇಲೆ ಕೂತಿತ್ತು. ಇನ್ನೇನು ಏಳು ಸ್ವರ ಉದುರಬೇಕು. ಅವನು ಕೈ ತೆಗೆದ.

ಕಾರ್ಡುಗಳು ಒಂದು ಸುತ್ತು ಬರಿದೇ ತಿರುಗಿದವು. ಎರಡನೆಯ ಸುತ್ತು ಅರ್ಧವಾಯಿತು. ಊಟ ಮಾಡುತ್ತಿದ್ದವರು ಮೊದಲ ಬಾರಿಗೆ ತಲೆ ಎತ್ತಿ ನೋಡಿದರು. ಮಷಿನ್ ಕೆಟ್ಟಿತೇ ಎಂದು ಯಾರೋ ಕೇಳಿದರು. ಸುಮ್ಮನೆ ಕೂತ ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಆಮೇಲೆ ಒಂದು ಸ್ವರ ಬಂತು, ತಪ್ಪು ಸ್ವರ. ಆ ಮನೆಗೆ ಸೇರದ್ದು. ಒಂದು ಟೇಬಲಿನವರು ನಕ್ಕರು. ಅವನು ಅದನ್ನೇ ಇನ್ನೊಮ್ಮೆ ನುಡಿಸಿದ. ಮೂರನೆಯ ಸಲ ನುಡಿಸುವಾಗ ಕೆಳಗಿನ ಕಾರ್ಡು ಬದಲಾಯಿತು, ತಪ್ಪು ಸರಿಯಾಗಿ ಕೂತಿತು. ಅಲ್ಲಿಂದ ಅರ್ಧ ಹೆಜ್ಜೆ ಇಟ್ಟ, ನಿಂತ, ಕೇಳಿದ. ತಾನು ಈಗಷ್ಟೇ ಹೇಳಿದ್ದನ್ನು ತಾನೇ ಕೇಳಿ ಮುಂದಿನದನ್ನು ಹುಡುಕುತ್ತಿದ್ದ. ವೇಗವಿರಲಿಲ್ಲ, ಜಾಣತನವಿರಲಿಲ್ಲ, ಎರಡು ಕಡೆ ಬೆರಳು ಜಾರಿತು. ಆದರೆ ಪ್ರತಿ ಸ್ವರದಲ್ಲೂ ಅವನಿದ್ದ. ಒಂದು ಸೋಲೋ ಹೇಗೆ ಹುಟ್ಟುತ್ತದೆಂದು ಅವನು ವಾರಗಟ್ಟಲೆ ನನಗೆ ಹೇಳಿದ್ದ. ಕಣ್ಣೆದುರೇ ಹುಟ್ಟಿದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಮೂರು ಗಂಟೆಗೆ ಮೆಟ್ಟಿಲಿಗೆ ಅವನು ಬಂದಾಗ ನಾನು ಆಗಲೇ ಅಲ್ಲಿದ್ದೆ. ಕೂರಲು ಬಿಡದೆ ಶುರುಮಾಡಿದೆ.

"ಕೆಂಪು ಗೆರೆ ತಪ್ಪು ಅಂತ ಹಾಕಿದ್ದಲ್ಲ. ನನ್ನ ಹತ್ತಿರ ಬೇರೆ ಪೆನ್ನು ಇರ್ಲಿಲ್ಲ. ನೀವು ನನ್ನನ್ನು ಕರೀತಾ ಇದ್ದೀರಿ ಅಂತ ತಿಳಿದಿದ್ದೆ. ಅದನ್ನು ಬಾರಿಸಿ ನೀವು ನನ್ನನ್ನು ನೋಡುದು ಅಂತ. ಗಡಿಯಾರ ಅಂತ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಗೊತ್ತಾದ್ರೂ ನನಗೆ ನಿಮ್ಮ ಮೇಲೆ ಪ್ರೀತಿ ಉಂಟು. ಎಂತ ಮಾಡುದು ಅಂತ ಗೊತ್ತಿಲ್ಲ, ಹೇಳಿದ್ದೇನೆ ಅಷ್ಟೆ."

ಉಸಿರು ಮುಗಿಯಿತು. ಅಷ್ಟುದ್ದದ ಮಾತನ್ನು ಬರೆದುಕೊಳ್ಳದೆ ನಾನು ಆಡಿದ್ದಿಲ್ಲ.

ಅವನು ಗಿಟಾರನ್ನು ಗೋಡೆಗೆ ಒರಗಿಸಿದ. ಕೆಳಗಿನ ಮೆಟ್ಟಿಲಲ್ಲಿ ಕೂತು, ತನ್ನ ಚಪ್ಪಲಿ ನೋಡುತ್ತ ಹೇಳಿದ.

"ಅದು ಕರೆದದ್ದಲ್ಲ. ಸುಳ್ಳು ಹೇಳಲಿಕ್ಕೆ ನನಗೆ ಮನಸ್ಸಿಲ್ಲ."

"ಗೊತ್ತುಂಟು."

"ಇವತ್ತಿನದ್ದು ಕರೆದದ್ದು." ಅವನು ತಲೆ ಎತ್ತಿದ. "ಕಂಬದ ಹತ್ತಿರ ನೀವಿರ್ಲಿಲ್ಲ. ಬರುದಿಲ್ಲ ಅಂತಲೇ ತಿಳಿದಿದ್ದೆ. ಆದ್ರೂ ಇನ್ನು ಆ ಕಳ್ಳದಾರಿಯಲ್ಲಿ ಹೋಗಲಿಕ್ಕೆ ನಾಚಿಕೆ ಆಯ್ತು. ಅಷ್ಟು ಕಿವಿಕೊಟ್ಟು ನನ್ನನ್ನು ಯಾರೂ ಕೇಳಿದ್ದಿಲ್ಲ ಮೂಕಾಂಬಿಕಾ."

ಟೀಚರೆ ಎನ್ನಲಿಲ್ಲ. ನಾನು ಅವನ ಪಕ್ಕದಲ್ಲಿ ಕೂತೆ. ಅವನು ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ಮುಟ್ಟಿ ನೋಡಿದ. ತಂತಿ ಒತ್ತಿ ಒತ್ತಿ ಅವನವೂ ಗಟ್ಟಿ, ನನ್ನವೂ ಗಟ್ಟಿ. ಇಬ್ಬರಿಗೂ ನಗು ಬಂತು.

"ಹೋಗದೆ ಇರಲಿಕ್ಕೆ ಆಗುದಿಲ್ಲ" ಎಂದ. "ಸೈನ್ ಮಾಡಿ ಆಗಿದೆ. ಎಂಟು ತಿಂಗಳಿಗೊಮ್ಮೆ ಬರುವವನು ಸಾಕಾಗ್ತಾನಾ ಅಂತ ನೀವು ಆಲೋಚನೆ ಮಾಡಿ."

"ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ಜಗಳ ಮಾಡುವ."

ಒಂದು ಹುಬ್ಬು ಮೇಲೇರಿತು. ತಟ್ಟನೆ ಇಳಿಯಿತು. "ಇವತ್ತಿನದ್ದು ಬರೆದಿರಾ?"

"ಪುಸ್ತಕವೇ ತರ್ಲಿಲ್ಲ."

"ಅಯ್ಯೋ, ಹೋಯ್ತಲ್ಲ ಮಾರಾಯ್ರೆ!" ಅವನು ನಿಜವಾಗಿಯೂ ತಲೆಗೆ ಕೈ ಹಚ್ಚಿದ. "ನನಗೆ ಎಂತದೂ ನೆನಪಿಲ್ಲ. ಮೊದಲನೇ ಸ್ವರ ಸಹ ಇಲ್ಲ. ನಿಮಗೆ ನೆನಪುಂಟಲ್ಲ? ಕೇಳಿದ್ರೆ ಗುರುತು ಹಿಡಿತೀರಲ್ಲ?"

"ಹಿಡಿತೇನೆ" ಎಂದೆ.

ಗುರುವಾರ ಅವನು ಕೊಚ್ಚಿಯ ರೈಲು ಹತ್ತಿದ. ನನಗೆ ಶಾಲೆಯಿತ್ತು.

ಈಗ ಒಂಬತ್ತು ಭಾನುವಾರ ಕಳೆದಿವೆ. ಒಬ್ಬಳಿಗೆ ಅನ್ನ ಬೇಯಿಸುತ್ತೇನೆ, ಒಂದು ತಟ್ಟೆ ತೊಳೆಯುತ್ತೇನೆ. ಮಧ್ಯಾಹ್ನ ಮೊದಲಿಗಿಂತ ಉದ್ದವಾಗಿದೆ. ಕಾಯಲು ಒಬ್ಬರಿದ್ದರೆ ಹಾಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹಡಗು ಬಂದರು ಮುಟ್ಟಿದ ದಿನ ಫೋನಿಗೆ ಒಂದು ತುಣುಕು ಬರುತ್ತದೆ. ಕ್ಯಾಬಿನ್ನಿನಲ್ಲಿ ಕೂತು ನುಡಿಸಿದ್ದು, ಹಿಂದೆ ಎಂಜಿನಿನ ಗುಂಯ್ ಸದ್ದು. ಕೆಳಗೆ ಒಂದೇ ಸಾಲು: "ಹೀಗಿತ್ತಾ?"

ನಾನು ಕಣ್ಣು ಮುಚ್ಚಿ ಮೂರು ನಾಲ್ಕು ಸಲ ಕೇಳುತ್ತೇನೆ. ಯಾವುದರಲ್ಲೂ ಕಳ್ಳದಾರಿಯಿಲ್ಲ. ಪ್ರತಿ ಸಲವೂ ಅವನು ಹುಡುಕುತ್ತಿರುತ್ತಾನೆ, ನಿಲ್ಲುತ್ತಾನೆ, ಇನ್ನೊಂದು ಸ್ವರ ಇಡುತ್ತಾನೆ.

"ಅಲ್ಲ" ಎಂದು ಬರೆಯುತ್ತೇನೆ. "ಇನ್ನೊಮ್ಮೆ ನೋಡಿ."

ಹೇಗಿತ್ತೆಂದು ನನಗೂ ನೆನಪಿಲ್ಲ. ಆ ದಿನ ಬಾಗಿಲ ಬಳಿ ನಿಂತು ನಾನು ಅಳುತ್ತಿದ್ದೆ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ.